ಒಂದು ಸೂಪರಿನ ಕೆಳಗೆ ಎರಡು ರಾಣಿ: ಕರಾವಳಿಯ ಜೇನು ಸಾಕುವವರಿಗೆ ಯಾವ ದಾರಿ?

ದೀಪಾವಳಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ಮಂಗಳೂರು, ಉಡುಪಿ ಕಡೆಯ ಜೇನು ಸಾಕುವವರಿಗೆ ಒಂದೇ ಯೋಚನೆ. ಈ ಸಲ ಪೆಟ್ಟಿಗೆ ಪಾಲು ಮಾಡುವುದೋ, ಇದ್ದ ಕುಟುಂಬವನ್ನೇ ಬಲಪಡಿಸುವುದೋ, ಅಥವಾ ಎರಡು ರಾಣಿಯರ ನೊಣಗಳನ್ನು ಒಂದೇ ಸೂಪರಿಗೆ (ರಾಣಿ, ಮರಿ ಇರುವ ಸಂಸಾರ ಕೋಣೆಯ ಮೇಲೆ ಕೂರಿಸುವ ಜೇನು ಕೋಣೆಗೆ) ದುಡಿಸಿ ನೋಡುವುದೋ? ಎರಡು ರಾಣಿ ಎಂದರೆ ಎರಡು ಪಟ್ಟು ಜೇನು ಎಂದು ಕೇಳಿದವರೂ ಇದ್ದಾರೆ, ಮಾಡಿ ನೋಡಿ ಎರಡೂ ರಾಣಿಯನ್ನು ಕಳೆದುಕೊಂಡವರೂ ಇದ್ದಾರೆ. ಯಾವ ದಾರಿ ಹಿಡಿಯಬೇಕು ಎಂಬುದು ನಿಮ್ಮಲ್ಲಿರುವ ಜೇನಿನ ಜಾತಿ, ನಿಮ್ಮೂರಿನ ಹೂವಿನ ಕಾಲ ಮತ್ತು ವಾರಕ್ಕೆ ಎಷ್ಟು ಹೊತ್ತು ಪೆಟ್ಟಿಗೆಯ ಮುಂದೆ ಕೂರಬಲ್ಲಿರಿ ಎಂಬುದರ ಮೇಲೆ ನಿಂತಿದೆ.

ಎರಡು ರಾಣಿಯ ಆಸೆ ಹುಟ್ಟಿದ್ದು ಸುಮ್ಮನೆ ಅಲ್ಲ. ಅಮೆರಿಕದ ಜೇನು ವಿಜ್ಞಾನಿ ಸಿ. ಎಲ್. ಫರಾರ್ ಯುರೋಪಿಯನ್ ಜೇನನ್ನು, ಅಂದರೆ ಮೆಲ್ಲಿಫೆರಾವನ್ನು, ಲೆಕ್ಕ ಹಾಕಿ ತೋರಿಸಿದ ಸಂಗತಿ ಇದು: 15,000 ನೊಣಗಳ ನಾಲ್ಕು ಕುಟುಂಬ ಸೇರಿ ತರುವ ಜೇನಿಗಿಂತ 60,000 ನೊಣಗಳ ಒಂದೇ ಕುಟುಂಬ 1.54 ಪಟ್ಟು ಜೇನು ತರುತ್ತದೆ. ಕಾರಣ ಸರಳ. ಸಣ್ಣ ಕುಟುಂಬದಲ್ಲಿ ಹೆಚ್ಚಿನ ನೊಣಗಳು ಮರಿಗೆ ಉಣಿಸುತ್ತಾ, ಶಾಖ ಕೊಡುತ್ತಾ ಮನೆಯಲ್ಲೇ ಉಳಿಯಬೇಕು. ಕುಟುಂಬ ದೊಡ್ಡದಾದಷ್ಟೂ ಹೊರಗೆ ದುಡಿಯಲು ಹೋಗುವವರ ಪಾಲು ಹೆಚ್ಚುತ್ತದೆ. ನಮ್ಮ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಿನ ಜೇನು, ಅಷ್ಟು ದೊಡ್ಡ ಸಂಸಾರ ಕಟ್ಟುವುದಿಲ್ಲ. ಆದರೂ ಈ ಲೆಕ್ಕದ ತಿರುಳು ಅದಕ್ಕೂ ಸಲ್ಲುತ್ತದೆ: ನಾಲ್ಕು ಬಡ ಪೆಟ್ಟಿಗೆಗಿಂತ ಎರಡು ತುಂಬಿದ ಪೆಟ್ಟಿಗೆ ಮೇಲು.

ಮೊದಲು ದಿನದ ಲೆಕ್ಕ

ಉಳಿದೆಲ್ಲ ಅಳತೆಗಿಂತ ಮುಖ್ಯವಾದದ್ದು ಇದು. ತುಡುವೆಯ ಮೊಟ್ಟೆ ಕೆಲಸಗಾರ ನೊಣವಾಗಿ ಹೊರಬರಲು 19–20 ದಿನ ಬೇಕು. ಹೊರಬಂದ ಮೇಲೂ ಎರಡು ಮೂರು ವಾರ ಅದಕ್ಕೆ ಒಳಗಿನ ಕೆಲಸವೇ. ಅಂದರೆ ಇಂದು ಇಟ್ಟ ಮೊಟ್ಟೆ ಹೂವಿಗೆ ಹಾರುವುದು ಸುಮಾರು 40 ದಿನ ಕಳೆದ ಮೇಲೆ.

ನಮ್ಮ ಕಡೆ ಸುಗ್ಗಿ ಯಾವಾಗ? ಕಾರ್ಕಳ, ಬೆಳ್ತಂಗಡಿ, ಸುಳ್ಯದ ರಬ್ಬರ್ ಪ್ರದೇಶದಲ್ಲಿ ಎಲೆ ಉದುರಿ ಹೊಸ ಚಿಗುರು ಬರುವಾಗ, ಮೂರು ಎಲೆ ಕೂಡುವ ತೊಟ್ಟಿನ ತುದಿಯಲ್ಲಿ ಮಕರಂದ ಒಸರುತ್ತದೆ. ಹೂವಲ್ಲ, ಎಲೆಯೇ ಜೇನು ಕೊಡುವ ಮರ ಅದು. ಅದರ ಹಿಂದೆಯೇ ಗೇರು, ನೇರಳೆ, ಕಾಡುಮರಗಳ ಹೂವು. ಒಟ್ಟಿನಲ್ಲಿ ಜನವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ. ಫೆಬ್ರವರಿಯ ಕೆಡ್ಡಸದ ಹೊತ್ತಿಗೆ ನೊಣಗಳ ಓಡಾಟ ಜೋರಾಗಿರುತ್ತದೆ, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಈಗ ಕೂಡಿಸಿ ಕಳೆಯಿರಿ. ಫೆಬ್ರವರಿ 1ಕ್ಕೆ ಹೊರಗೆ ದುಡಿಯಬೇಕಾದ ನೊಣದ ಮೊಟ್ಟೆ ಡಿಸೆಂಬರ್ 20ರ ಸುಮಾರಿಗೆ ಬಿದ್ದಿರಬೇಕು. ಮಾರ್ಚ್ 20ರ ನಂತರ ಬಿದ್ದ ಮೊಟ್ಟೆಗಳು ನೊಣವಾಗಿ ಹಾರುವ ಹೊತ್ತಿಗೆ ಹೂವೇ ಇರುವುದಿಲ್ಲ; ಅವು ಉಳಿದ ನೊಣಗಳು ತಂದ ಜೇನನ್ನು ತಿನ್ನುವ ಬಾಯಿಗಳು ಮಾತ್ರ. ಎರಡನೇ ರಾಣಿಯಿಂದ ಲಾಭವಿದ್ದರೆ ಅದು ಈ ಮೂರು ತಿಂಗಳ ಕಿಂಡಿಯೊಳಗೆ ಮಾತ್ರ. ಜನವರಿಯಲ್ಲಿ ರಬ್ಬರ್ ಚಿಗುರಿದ್ದು ನೋಡಿ ‘ಈಗ ಎರಡು ರಾಣಿ ಮಾಡೋಣ’ ಎಂದು ಹೊರಟರೆ ತಡವಾಯಿತು.

ಹೊಸ ರಾಣಿಯ ಲೆಕ್ಕವನ್ನೂ ಹಿಂದಕ್ಕೆ ಎಣಿಸಬೇಕು. ಕುಟುಂಬ ಪಾಲು ಮಾಡಿ ರಾಣಿ ಇಲ್ಲದ ಭಾಗ ತಾನೇ ರಾಣಿ ಕಟ್ಟಿಕೊಳ್ಳಲು ಬಿಟ್ಟರೆ, ಅವಳು ಹುಟ್ಟಲು 12–13 ದಿನ, ಹಾರಿ ಕೂಡಿ ಮೊಟ್ಟೆಯಿಡಲು ಇನ್ನೂ 8–10 ದಿನ. ಆದ್ದರಿಂದ ನವೆಂಬರ್ ಮೂರನೇ ವಾರದೊಳಗೆ ಪಾಲು ಮಾಡಿರಬೇಕು. ಇಲ್ಲಿ ಇನ್ನೊಂದು ತೊಡಕಿದೆ. ರಾಣಿ ಕೂಡಲು ಹಾರುವುದು ಮಧ್ಯಾಹ್ನದ ನಂತರ, ನವೆಂಬರಿನ ಗುಡುಗು ಮಳೆ ಬರುವುದೂ ಅದೇ ಹೊತ್ತಿಗೆ. ಸಾಲಾಗಿ ನಾಲ್ಕು ಸಂಜೆ ಮಳೆ ಬಂದರೆ ರಾಣಿ ತಡವಾಗುತ್ತಾಳೆ. ಪಾಲು ಮಾಡುವ ಮೊದಲು ಎರಿಯ (ಮೇಣದ ಕಣಗಳ ಹಲಗೆಯ) ಕೆಳಅಂಚಿನಲ್ಲಿ ಗಂಡು ನೊಣದ ಮರಿ ಇದೆಯೇ ನೋಡಿ: ಮುಚ್ಚಳ ಉಬ್ಬಿ, ನಡುವೆ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಅದಿಲ್ಲದಿದ್ದರೆ ರಾಣಿ ಹುಟ್ಟಿಯೂ ಪ್ರಯೋಜನವಿಲ್ಲ.

ಉಳಿದ ಅಳತೆಗಳು

ಜಾತಿ: ತುಡುವೆ ಸಿಟ್ಟಾದರೆ ಗೂಡು ಬಿಟ್ಟೇ ಹೋಗುತ್ತದೆ, ಪದೇ ಪದೇ ತೆರೆದು ನೋಡುವುದನ್ನು ಸಹಿಸುವುದಿಲ್ಲ. ಮೆಲ್ಲಿಫೆರಾ ಸಹಿಸುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ಸಕ್ಕರೆ ತುಂಬ ಬೇಡುತ್ತದೆ, ವರೋವಾ ನುಸಿಯ ಕಾಟವೂ ಇದೆ.

ಉದ್ದೇಶ: ನಿಮಗೆ ಜೇನು ಬೇಕೋ, ಪೆಟ್ಟಿಗೆಗಳ ಸಂಖ್ಯೆ ಹೆಚ್ಚಬೇಕೋ? ಒಂದೇ ವರ್ಷ ಎರಡೂ ಆಗುವುದು ಅಪರೂಪ.

ರೋಗ: ಎರಡು ಕುಟುಂಬವನ್ನು ಸೇರಿಸಿದಾಗ ರೋಗವನ್ನೂ ಸೇರಿಸುತ್ತೀರಿ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ದಕ್ಷಿಣ ಕನ್ನಡದ ಹಳಬರಿಗೆ ಆ ಖಾಲಿ ಪೆಟ್ಟಿಗೆಗಳ ಸಾಲು ಇನ್ನೂ ನೆನಪಿದೆ. ಮರಿ ತಲೆ ಎತ್ತಿ ಸತ್ತಿದ್ದರೆ, ಕಡ್ಡಿಯಿಂದ ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ, ಆ ಪೆಟ್ಟಿಗೆಯ ಒಂದು ಎರಿಯನ್ನೂ ಬೇರೆಡೆಗೆ ಹಾಕಬೇಡಿ.

ಖರ್ಚು: ಬೆಲೆ ಅಂಗಡಿಗೊಂದು, ಆದ್ದರಿಂದ ಕೆಳಗೆ ಭಾಗಗಳ ಲೆಕ್ಕದಲ್ಲೇ ಹೇಳಿದ್ದೇನೆ.

ದಾರಿ ಒಂದು: ಒಂದು ದೊಡ್ಡದು, ಒಂದು ಚಿಕ್ಕದು

ಎರಡನೇ ರಾಣಿಯನ್ನು ಅದೇ ಪೆಟ್ಟಿಗೆಯಲ್ಲಿ ಇಡದೆ, ಪಕ್ಕದಲ್ಲೇ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಸಾಕುವುದು. ಅವಳ ಮರಿಯನ್ನು ದೊಡ್ಡ ಕುಟುಂಬಕ್ಕೆ ದಾನ ಮಾಡುತ್ತಾ ಹೋಗುವುದು. ಒಂದು ಸಂಸಾರದೊಳಗೆ ಎರಡು ರಾಣಿಯಿಲ್ಲ, ಆದರೆ ಒಂದು ಸೂಪರಿಗೆ ಎರಡು ರಾಣಿಯರ ಮಕ್ಕಳು ದುಡಿಯುತ್ತಾರೆ. ತುಡುವೆ ಸಾಕುವ ಹೆಚ್ಚಿನವರಿಗೆ ಒಪ್ಪುವ ದಾರಿ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಕಾಗುವುದು 4 ಚೌಕಟ್ಟಿನ ಒಂದು ಪೆಟ್ಟಿಗೆ, ಒಂದು ರಾಣಿ ಗೇಟು (ಕೆಲಸಗಾರ ನೊಣ ದಾಟಬಲ್ಲ, ರಾಣಿ ದಾಟಲಾರದ ಬಾಗಿಲ ತಡೆ), ಇರುವೆ ಬಾರದಂತೆ ನೀರಿನ ತಟ್ಟೆಯಿರುವ ಸ್ಟ್ಯಾಂಡ್. ಏಳೆಂಟು ಎರಿಯಲ್ಲಿ ನೊಣ ತುಂಬಿರುವ ಕುಟುಂಬದಿಂದ ಮೂರು ಎರಿ ತೆಗೆಯಿರಿ: ಮುಚ್ಚಿದ ಮರಿಯ ಎರಿ ಒಂದು, ರಾಣಿ ಮೊಟ್ಟೆ (ಹೊಸ ರಾಣಿ ಬೆಳೆಯುವ ದೊಡ್ಡ ಕಣ) ಅಥವಾ ಹೊಸ ಮೊಟ್ಟೆಗಳಿರುವುದು ಒಂದು, ಜೇನು ಮತ್ತು ಪರಾಗ ಇರುವುದು ಒಂದು. ಜೊತೆಗೆ ಮತ್ತೊಂದು ಮರಿ ಎರಿಯ ನೊಣಗಳನ್ನೂ ಕೊಡವಿ ಹಾಕಿ. ಅದೇ ತೋಟದಲ್ಲಿಟ್ಟರೆ ಹಾರುವ ನೊಣಗಳೆಲ್ಲ ಹಳೆ ಮನೆಗೆ ಮರಳುತ್ತವೆ, ಎಳೆ ನೊಣ ಮಾತ್ರ ಉಳಿಯುತ್ತದೆ. ಅದಕ್ಕೇ ಈ ಹೆಚ್ಚುವರಿ. ಬಾಗಿಲಿಗೆ ಸಡಿಲವಾಗಿ ಹಸಿ ಹುಲ್ಲು ತುರುಕಿ ಒಂದು ದಿನ ಬಿಡಿ. ಸಂಜೆ ಹೊತ್ತು 1 ಕೆ.ಜಿ. ಸಕ್ಕರೆಗೆ 1 ಲೀಟರ್ ನೀರಿನ ಪಾಕ, ಒಂದು ಸಲಕ್ಕೆ ಒಂದು ಲೋಟದಷ್ಟೇ. ಹೊರಗೆ ಒಂದು ಹನಿ ಬಿದ್ದರೂ ದೊಡ್ಡ ಪೆಟ್ಟಿಗೆಯ ನೊಣಗಳು ಕಳ್ಳತನಕ್ಕೆ ಬರುತ್ತವೆ. ರಾಣಿ ಕೂಡಿ ಬಂದು ಮೊಟ್ಟೆಯಿಟ್ಟದ್ದು ಕಾಣುವವರೆಗೆ ರಾಣಿ ಗೇಟು ಹಾಕಲೇಬಾರದು. ಹಾಕಿದರೆ ಅವಳು ಹೊರಗೆ ಹೋಗಲಾರದೆ ಗಂಡು ಮೊಟ್ಟೆ ಮಾತ್ರ ಇಡುವವಳಾಗುತ್ತಾಳೆ. ಇದು ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು.

ಡಿಸೆಂಬರ್ ಕೊನೆಯಿಂದ ಹತ್ತು ಹನ್ನೆರಡು ದಿನಕ್ಕೊಮ್ಮೆ, ಹುಟ್ಟಲು ಸಿದ್ಧವಾದ ಮುಚ್ಚಿದ ಮರಿಯ ಒಂದು ಎರಿ ತೆಗೆದು ನೊಣಗಳನ್ನು ಮೆಲ್ಲಗೆ ಕೊಡವಿ ದೊಡ್ಡ ಪೆಟ್ಟಿಗೆಗೆ ಕೊಡಿ. ಅದರ ಜಾಗಕ್ಕೆ ಖಾಲಿ ಎರಿ. ಒಮ್ಮೆಗೆ ಒಂದೇ ಎರಿ ಸಾಕು: ಘಟ್ಟದ ಬುಡದಲ್ಲಿ ಮಾಗಿಯ ರಾತ್ರಿ ತಂಪಿರುತ್ತದೆ, ಹೊದೆಯಲು ನೊಣ ಸಾಲದಿದ್ದರೆ ಮರಿ ಸಾಯುತ್ತದೆ. ಎರಿಯಲ್ಲಿ ರಾಣಿ ಇಲ್ಲವೆಂದು ಎರಡೂ ಮುಖ ನೋಡಿಯೇ ಕೊಡವಿ.

ಏನು ಕೆಡಬಹುದು? ಚಿಕ್ಕ ಪೆಟ್ಟಿಗೆಗೆ ಮೇಣದ ಹುಳು ಬೇಗ ಬೀಳುತ್ತದೆ, ನೊಣ ಹೊದೆಯದ ಎರಿಯನ್ನು ಒಳಗೆ ಬಿಡಬೇಡಿ. ರಾಣಿ ಹಾರಲು ಹೋಗಿ ಮರಳದಿದ್ದರೆ ತುಡುವೆಯಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆಯಿಡಲು ತೊಡಗುತ್ತವೆ, ಅದೂ ಮೆಲ್ಲಿಫೆರಾಕ್ಕಿಂತ ಬೇಗ. ಒಂದು ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಗೋಡೆಗೆ ಅಂಟಿದಂತೆ ಕಂಡರೆ ಆ ಪೆಟ್ಟಿಗೆಗೆ ರಾಣಿ ಕೊಡುವ ಶ್ರಮ ಬೇಡ, ಒಡೆದು ನೊಣಗಳನ್ನು ಬಲವಾದ ಕುಟುಂಬಗಳಿಗೆ ಹಂಚಿಬಿಡಿ.

ಈ ದಾರಿಯ ದೊಡ್ಡ ಗುಣ, ಮಧ್ಯದಲ್ಲಿ ದೊಡ್ಡ ಪೆಟ್ಟಿಗೆಯ ರಾಣಿ ಸತ್ತರೂ ಕೈಯಲ್ಲಿ ಇನ್ನೊಬ್ಬಳು ಇದ್ದಾಳೆ.

ದಾರಿ ಎರಡು: ಸುಗ್ಗಿಗೆ ಮೊದಲು ಕೂಡಿಸುವುದು

ಎರಡು ಮಧ್ಯಮ ಕುಟುಂಬ ಇದ್ದು ಯಾವುದಕ್ಕೂ ಸೂಪರ್ ತುಂಬುವ ಬಲವಿಲ್ಲದಿದ್ದರೆ, ಹೂವಿಗೆ ಒಂದು ವಾರ ಹತ್ತು ದಿನ ಮೊದಲು ಎರಡನ್ನೂ ಒಂದು ಮಾಡಿ. ಒಂದು ಹಾಳೆ ದಿನಪತ್ರಿಕೆ ಬಿಟ್ಟರೆ ಖರ್ಚೇ ಇಲ್ಲ. ಕಳೆದುಕೊಳ್ಳುವುದು ಒಂದು ರಾಣಿ, ಒಂದು ಕುಟುಂಬ.

ಎರಡು ಪೆಟ್ಟಿಗೆ ದೂರವಿದ್ದರೆ ದಿನಕ್ಕೆ ಒಂದೆರಡು ಅಡಿಯಂತೆ ಹತ್ತಿರ ತನ್ನಿ. ಒಮ್ಮೆಲೇ ಎತ್ತಿಟ್ಟರೆ ನೊಣಗಳು ಹಳೆ ಜಾಗದಲ್ಲೇ ಸುತ್ತಿ ಸಾಯುತ್ತವೆ. ಬಡ ರಾಣಿಯನ್ನು ಹಿಂದಿನ ದಿನ ತೆಗೆಯಿರಿ. ಕತ್ತಲಾಗುವ ಹೊತ್ತಿಗೆ ಬಲವಾದ ಪೆಟ್ಟಿಗೆಯ ಮೇಲೆ ಪತ್ರಿಕೆಯ ಹಾಳೆ ಹಾಸಿ, ಸೂಜಿಯಿಂದ ಏಳೆಂಟು ತೂತು ಚುಚ್ಚಿ, ರಾಣಿ ಇಲ್ಲದ ಸಂಸಾರ ಕೋಣೆಯನ್ನು ಮೇಲಿಡಿ. ಮೂರನೇ ಬೆಳಗ್ಗೆ ಬಾಗಿಲ ಹಲಗೆಯ ಮೇಲೆ ಬೂದು ಬಣ್ಣದ ಕಾಗದದ ಚೂರುಗಳು ಗೇರು ಬೀಜದ ಸಿಪ್ಪೆಯ ಪುಡಿಯಂತೆ ಬಿದ್ದಿರುತ್ತವೆ; ಸತ್ತ ನೊಣದ ರಾಶಿ ಇಲ್ಲದೆ ಚೂರು ಮಾತ್ರ ಇದ್ದರೆ ಕೂಡಿಕೆ ಆಯಿತು. ಸತ್ತ ನೊಣ ಹಿಡಿಯಷ್ಟು ಬಿದ್ದಿದ್ದರೆ ತೂತು ದೊಡ್ಡದಾಗಿತ್ತು, ವಾಸನೆ ಬೆರೆಯುವ ಮೊದಲೇ ಎದುರಾಗಿವೆ.

ದಾರಿ ಮೂರು: ಪಕ್ಕಪಕ್ಕದಲ್ಲಿ ಎರಡು ರಾಣಿ, ಮೇಲೆ ಒಂದೇ ಸೂಪರ್

ನಿಜವಾದ ಎರಡು ರಾಣಿ ಪದ್ಧತಿ ಇಲ್ಲಿಂದ ಶುರು. ತುಡುವೆಯಲ್ಲಿ ಮಾಡಿ ನೋಡಲೇಬೇಕೆಂದಿದ್ದರೆ ಇದನ್ನೇ ಮಾಡಿ, ಮುಂದಿನದ್ದನ್ನಲ್ಲ.

ಅಗಲವಾದ ಒಂದು ಸಂಸಾರ ಕೋಣೆ, ನಡುವೆ ಗಟ್ಟಿ ಗೋಡೆ, ಎರಡು ಬದಿಗೂ ಐದೈದು ಚೌಕಟ್ಟು. ಚೌಕಟ್ಟಿಗೆ ಸುಮಾರು 32 ಮಿ.ಮೀ. ಎಂದು ಲೆಕ್ಕ ಹಾಕಿ, ನೊಣ ಓಡಾಡುವ ಜಾಗವನ್ನೂ ಗೋಡೆಯನ್ನೂ ಸೇರಿಸಿದರೆ ಒಳ ಅಗಲ 35 ಸೆಂ.ಮೀ. ಆಸುಪಾಸು ಬರುತ್ತದೆ. ಬಾಗಿಲು ಎರಡು, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ, ಸಾಧ್ಯವಾದಷ್ಟು ದೂರ. ಮೇಲೆ ಇಡೀ ಅಗಲಕ್ಕೆ ರಾಣಿ ತಡೆ ಜಾಲರಿ, ಅದರ ಮೇಲೆ ಸೂಪರ್. ಜಾಲರಿಯನ್ನು ತುಡುವೆಯ ಅಳತೆಗೆಂದೇ ಮಾಡಿಸಿಕೊಳ್ಳಿ. ಮೆಲ್ಲಿಫೆರಾದ ಜಾಲರಿಯಲ್ಲಿ ಸಂದು 4.2 ಮಿ.ಮೀ. ಆಸುಪಾಸು ಇರುತ್ತದೆ, ತುಡುವೆ ರಾಣಿ ಅದರಲ್ಲಿ ನುಸುಳಬಲ್ಲಳು. ನುಸುಳಿದ ದಿನ ಒಬ್ಬಳು ಸತ್ತಳೆಂದೇ ತಿಳಿಯಿರಿ.

ಗೋಡೆಯ ವಿಷಯದಲ್ಲಿ ರಾಜಿ ಬೇಡ. ಮೆಲ್ಲಿಫೆರಾ ಮರದ ಅಂಟು ತಂದು ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ತುಡುವೆ ಅಂಟು ತರುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಚಳಿಗಾಲದಲ್ಲಿ ಕುಗ್ಗಿದ ಪ್ಲೈವುಡ್ ಮೂಲೆಯಲ್ಲಿ ಬಿಟ್ಟ ಸಂದು ಹಾಗೇ ಉಳಿಯುತ್ತದೆ. ಖಾಲಿ ಪೆಟ್ಟಿಗೆಯನ್ನು ಬೆಳಗಿನ ಬಿಸಿಲಿಗೆ ಹಿಡಿದು ಒಂದು ಬದಿಯಿಂದ ನೋಡಿ. ಗೋಡೆಯ ಬುಡದಲ್ಲೋ ಮೂಲೆಯಲ್ಲೋ ಬೆಳಕಿನ ಗೆರೆ ಕಂಡರೆ ಕರಗಿಸಿದ ಜೇನುಮೇಣ ಸುರಿದು ತುಂಬಿ. ಗೋಡೆಯ ಮೇಲಂಚು ಜಾಲರಿಗೆ ತಾಗಿರಬೇಕು. ನಡುವೆ 8 ಮಿ.ಮೀ. ಬಿಟ್ಟರೂ ರಾಣಿಗೆ ಅದು ಹೆದ್ದಾರಿ.

ಎರಡು ಬದಿಗೆ ಎರಡು ಕುಟುಂಬ ಇಳಿಸಿದ ಮೇಲೆ ಎರಡು ಬದಿಯಲ್ಲೂ ಕನಿಷ್ಠ ನಾಲ್ಕು ಎರಿ ತುಂಬ ನೊಣ ಇರಬೇಕು. ರಾಣಿ ಇಟ್ಟಷ್ಟು ಮೊಟ್ಟೆಯೆಲ್ಲ ನೊಣವಾಗುವುದಿಲ್ಲ, ಸಾಕಲು ಎಳೆ ನೊಣ ಇದ್ದಷ್ಟು ಮಾತ್ರ ಆಗುತ್ತದೆ. ಬಡ ಕುಟುಂಬಕ್ಕೆ ಎರಡು ರಾಣಿ ಕೊಟ್ಟರೆ ಎರಡು ಬಡ ಸಂಸಾರ ಸಿಗುತ್ತದೆ, ಅಷ್ಟೇ. ಮೊದಲ ವಾರ ಸೂಪರ್ ಬೇಡ, ಎರಡು ಬದಿಗೂ ಬೇರೆ ಬೇರೆ ಮುಚ್ಚಳವಿರಲಿ. ಆಮೇಲೆ ಜಾಲರಿಯ ಮೇಲೆ ಪತ್ರಿಕೆ ಹಾಸಿ ಸೂಪರ್ ಇಡಿ. ಸೂಪರಿನಲ್ಲಿ ಎರಡು ಮೂರು ಕಟ್ಟಿದ ಎರಿ ಇದ್ದರೆ ನೊಣಗಳು ಬೇಗ ಮೇಲೇರುತ್ತವೆ. ಬರೀ ಖಾಲಿ ಚೌಕಟ್ಟಿಗೆ ಜಾಲರಿ ದಾಟಿ ಹೋಗಲು ತುಡುವೆ ಹಿಂಜರಿಯುತ್ತದೆ. ಗಂಡು ನೊಣ ಮೇಲೆ ಸಿಕ್ಕಿಕೊಂಡರೆ ಜಾಲರಿಯಲ್ಲಿ ಸಿಲುಕಿ ಸತ್ತು ದಾರಿ ಕಟ್ಟುತ್ತದೆ. ಸೂಪರಿನ ಗೋಡೆಯಲ್ಲಿ ಪೆನ್ಸಿಲ್ ದಪ್ಪದ ಒಂದು ತೂತು ಇರಲಿ.

ಈ ಪದ್ಧತಿಯಲ್ಲಿ ನಷ್ಟ ಸದ್ದಿಲ್ಲದೆ ಆಗುತ್ತದೆ. ಒಂದು ಬದಿಯ ರಾಣಿ ಸತ್ತರೆ ಆ ಬದಿಯ ನೊಣಗಳಿಗೆ ಸೂಪರಿನ ಮೂಲಕ ಇನ್ನೊಬ್ಬಳ ವಾಸನೆ ಬರುತ್ತಿರುತ್ತದೆ. ಅವು ಗಾಬರಿಯಾಗುವುದಿಲ್ಲ, ರಾಣಿ ಮೊಟ್ಟೆ ಕಟ್ಟುವುದೂ ಅನುಮಾನ. ಹೊರಗಿನಿಂದ ಎರಡೂ ಬಾಗಿಲು ಗಿಜಿಗುಡುತ್ತಲೇ ಇರುತ್ತವೆ. ಮೂರು ವಾರ ಬಿಟ್ಟು ತೆರೆದರೆ ಒಂದು ಬದಿಯಲ್ಲಿ ಮರಿಯೇ ಇಲ್ಲ. ಹೀಗಾಗಿ ಎಂಟು ಹತ್ತು ದಿನಕ್ಕೊಮ್ಮೆ ಎರಡೂ ಬದಿಯಲ್ಲಿ ಹೊಸ ಮೊಟ್ಟೆ ನೋಡಲೇಬೇಕು. ನೋಡಲು ಸೂಪರ್ ಇಳಿಸಬೇಕು, ಜಾಲರಿ ಬಿಚ್ಚಬೇಕು. ಎತ್ತಿದ ಜಾಲರಿಯನ್ನು ಪಕ್ಕಕ್ಕಿಡುವ ಮೊದಲು ಮಗುಚಿ ನೋಡಿ, ರಾಣಿ ಅದರ ಅಡಿಗೆ ಅಂಟಿಕೊಂಡಿರುವುದುಂಟು. ಇಷ್ಟು ಕೆಲಸಕ್ಕೆ ಬಿಡುವಿಲ್ಲದವರಿಗೆ ಈ ದಾರಿ ಹೇಳಿದ್ದಲ್ಲ.

ಲಾಭ? ರಾಣಿಯರಿಬ್ಬರ ಮೊಟ್ಟೆ, ಒಂದು ಕಡೆ ಸೇರುವ ಜೇನು. ಆದರೆ ತುಡುವೆಯಲ್ಲಿ ಜೇನು ಕಡಿಮೆಯಾಗಲು ರಾಣಿಯ ಮೊಟ್ಟೆಗಿಂತ ಹೆಚ್ಚಿನ ಕಾರಣ ಪಾಲಾಗುವ ಚಟ, ಅಂದರೆ ರಾಣಿ ನೊಣಗಳ ಗುಂಪಿನೊಂದಿಗೆ ಗೂಡು ಬಿಟ್ಟು ಹಾರಿಹೋಗುವುದು. ಐದು ಚೌಕಟ್ಟಿನ ಬದಿ ಬೇಗ ಕಿಕ್ಕಿರಿಯುತ್ತದೆ, ಕಿಕ್ಕಿರಿದರೆ ರಾಣಿ ಮೊಟ್ಟೆ ಕಟ್ಟುತ್ತವೆ. ಸೂಪರನ್ನು ಸಮಯಕ್ಕೆ ಕೊಡದಿದ್ದರೆ ಎರಡು ರಾಣಿಯೂ ಪಾಲಾಗಿ ಹೋಗಬಹುದು.

ದಾರಿ ನಾಲ್ಕು: ಕೆಳಗೊಬ್ಬಳು, ಮೇಲೊಬ್ಬಳು

ಫರಾರ್ ಹೆಸರಿನೊಂದಿಗೆ ಕೇಳಿಬರುವ ಈ ಪದ್ಧತಿ ಮೆಲ್ಲಿಫೆರಾದ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗೆ. ಕೆಳಗೆ ಹಳೆ ರಾಣಿಯ ಸಂಸಾರ ಕೋಣೆ, ಅದರ ಮೇಲೆ ಎರಡು ಪದರದ ಜಾಲರಿ ಹಲಗೆ, ಮೇಲೆ ಮುಚ್ಚಿದ ಮರಿ ಮತ್ತು ಎಳೆ ನೊಣಗಳೊಂದಿಗೆ ಹೊಸ ರಾಣಿಯ ಕೋಣೆ. ಮೇಲಿನ ಬಾಗಿಲು ಹಿಂದಿನ ದಿಕ್ಕಿಗೆ. ಕೆಳಗಿನ ಶಾಖ ಮೇಲಿನ ಮರಿಗೆ ಸಿಗುತ್ತದೆ, ಅದು ಇದರ ಚೆಲುವು. ಹೊಸ ರಾಣಿ ಎರಡು ವಾರ ಚೆನ್ನಾಗಿ ಮೊಟ್ಟೆಯಿಟ್ಟ ಮೇಲೆ ಹಲಗೆ ತೆಗೆದು, ಕೆಳಗಿನ ಕೋಣೆ, ರಾಣಿ ತಡೆ, ಸೂಪರ್, ಮತ್ತೊಂದು ರಾಣಿ ತಡೆ, ಮೇಲಿನ ಕೋಣೆ ಎಂಬ ಕ್ರಮದಲ್ಲಿ ಪೇರಿಸುವುದು.

ಬೇಕಾಗುವುದು ಒಂದು ಹೆಚ್ಚುವರಿ ಸಂಸಾರ ಕೋಣೆ, ಎರಡು ರಾಣಿ ತಡೆ, ಒಂದು ಜಾಲರಿ ಹಲಗೆ, ಎರಡು ಮೂರು ಸೂಪರ್, ಮತ್ತು ಎರಡು ಗಟ್ಟಿ ತೋಳು. ಜೇನು ತುಂಬಿದ ಪೂರ್ಣ ಎತ್ತರದ ಲ್ಯಾಂಗ್‌ಸ್ಟ್ರಾತ್ ಕೋಣೆ 35 ಕೆ.ಜಿ. ದಾಟುತ್ತದೆ. ಕೆಳಗಿನ ರಾಣಿಯನ್ನು ನೋಡಲು ಅದನ್ನೆಲ್ಲ ಇಳಿಸಬೇಕು. ರಬ್ಬರ್ ತೋಟಗಳಿಗೆ ಪೆಟ್ಟಿಗೆ ಸಾಗಿಸುವವರಿಗೆ ಈ ಗೋಪುರ ಲಾರಿಯಲ್ಲಿ ನಿಲ್ಲುವುದಿಲ್ಲ, ಸ್ಥಳ ತಲುಪಿದ ಮೇಲೆಯೇ ಕಟ್ಟಬೇಕು. ವರ್ಷವಿಡೀ ಮೆಲ್ಲಿಫೆರಾ ಸಾಕಿ, ಇಪ್ಪತ್ತು ಪೆಟ್ಟಿಗೆಗಿಂತ ಹೆಚ್ಚಿದ್ದು, ಸಹಾಯಕ್ಕೆ ಇನ್ನೊಬ್ಬರಿದ್ದರೆ ಮಾತ್ರ ಯೋಚಿಸಿ.

ರಾಣಿಯರ ದವಡೆಯ ತುದಿ ಕತ್ತರಿಸಿ ಒಂದೇ ಕೋಣೆಯಲ್ಲಿ ಹಲವರನ್ನು ಇಡುವುದೂ ಒಂದಿದೆ. ದವಡೆಯಿಂದ ಹಿಡಿಯಲಾಗದಿದ್ದರೆ ರಾಣಿ ಇನ್ನೊಬ್ಬಳನ್ನು ಚುಚ್ಚಲಾರಳು. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು 2009ರಲ್ಲಿ ಮೆಲ್ಲಿಫೆರಾದಲ್ಲಿ ಇದನ್ನು ಪ್ರಕಟಿಸಿದರು. ಒಂದೇ ವಯಸ್ಸಿನ ಮರಿ ರಾಶಿಯಾಗಿ ಬೇಕಾದ ರಾಜಶಾಹಿ ರಸದ (ರಾಯಲ್ ಜೆಲ್ಲಿಯ) ಕೆಲಸಕ್ಕೆ ಅದು ಸರಿ. ಮನೆಯ ಹಿತ್ತಲಿನ ತುಡುವೆ ರಾಣಿಯ ಮೇಲೆ ಕತ್ತರಿ ಇಡಬೇಡಿ.

ಯಾರಿಗೆ ಯಾವುದು

ಮಂಗಳೂರು ನಗರದಲ್ಲಿ ಹತ್ತು ಸೆಂಟ್ಸ್ ಜಾಗ, ಎರಡು ಪೆಟ್ಟಿಗೆ, ಭಾನುವಾರ ಮಾತ್ರ ಬಿಡುವು: ದಾರಿ ಒಂದು. ನಗರದಲ್ಲಿ ಹೂವು ಅಲ್ಲಿಷ್ಟು ಇಲ್ಲಿಷ್ಟು, ಒಮ್ಮೆಗೇ ಸುರಿಯುವ ಸುಗ್ಗಿಯಿಲ್ಲ, ದೊಡ್ಡ ಸೈನ್ಯ ಕಟ್ಟಿ ಪ್ರಯೋಜನವೂ ಇಲ್ಲ. ಕಾಪು, ಮಲ್ಪೆ ಕಡೆಯ ತೆಂಗಿನ ತೋಟಕ್ಕೂ ಇದೇ ಮಾತು. ತೆಂಗು ಪರಾಗ ಕೊಟ್ಟು ಕುಟುಂಬ ಬೆಳೆಸುತ್ತದೆ, ಹಾಗಾಗಿ ಅಲ್ಲಿ ಚಿಕ್ಕ ಪೆಟ್ಟಿಗೆ ಚೆನ್ನಾಗಿ ಬಲಿಯುತ್ತದೆ.

ಕಾರ್ಕಳ, ಹೆಬ್ರಿ ಕಡೆ ರಬ್ಬರಿನ ಅಂಚಿನಲ್ಲಿ ಅಡಿಕೆ ತೋಟ, ಐದಾರು ಪೆಟ್ಟಿಗೆ, ಅವುಗಳಲ್ಲಿ ಎರಡು ಸೊರಗಿದವು: ಸೊರಗಿದವನ್ನು ಜನವರಿ ಮಧ್ಯದಲ್ಲಿ ಕೂಡಿಸಿ, ಉಳಿದವಕ್ಕೆ ದಾರಿ ಒಂದು. ಸೊರಗಿದ್ದು ರೋಗದಿಂದಲೋ ಹಸಿವಿನಿಂದಲೋ ಎಂದು ಮೊದಲು ಗುರುತಿಸಿ. ಹಸಿವಾದರೆ ಮಾತ್ರ ಕೂಡಿಸಿ.

ಹತ್ತಕ್ಕಿಂತ ಹೆಚ್ಚು ತುಡುವೆ, ಕೈ ಪಳಗಿದೆ, ಬಡಗಿ ಹತ್ತಿರದಲ್ಲಿದ್ದಾರೆ: ಒಂದೇ ಒಂದು ಅಗಲ ಪೆಟ್ಟಿಗೆ ಮಾಡಿಸಿ, ಪಕ್ಕದಲ್ಲಿ ಅಷ್ಟೇ ಬಲದ ಎರಡು ಸಾಮಾನ್ಯ ಕುಟುಂಬ ಇಟ್ಟು, ಮೂರರ ಜೇನನ್ನೂ ತೂಗಿ ಬರೆದಿಡಿ. ಆ ಒಂದನ್ನು ಎರಡರ ಮೊತ್ತಕ್ಕೆ ಹೋಲಿಸಬೇಕು, ಒಂದಕ್ಕಲ್ಲ. ರಾಣಿಯರು ಇಬ್ಬರಲ್ಲವೇ? ಪೆಟ್ಟಿಗೆ ಹೆಚ್ಚಿಸುವುದೇ ಗುರಿಯಾಗಿದ್ದರೆ ಇದ್ಯಾವುದೂ ಬೇಡ, ಪಾಲು ಮಾಡಿ ಬೇರೆಯೇ ಬೆಳೆಸಿ.

ಎರಡು ರಾಣಿ ಇಟ್ಟವರು ಮುಗಿಸುವುದನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಮಾರ್ಚ್ 20ರ ಹೊತ್ತಿಗೆ ಹಳೆ ರಾಣಿಯನ್ನು ಎರಡು ಎರಿ ನೊಣದೊಂದಿಗೆ ಬೇರೆ ಮಾಡಿ ಚಿಕ್ಕ ಪೆಟ್ಟಿಗೆಗೆ ಹಾಕಿ, ಅಥವಾ ಅವಳ ಮರಿ ಚದುರಿದಂತೆ ಕಂಡರೆ ತೆಗೆದುಬಿಡಿ. ನಡುಗೋಡೆಯನ್ನು ಮರುದಿನ ಸಂಜೆ ತೆಗೆದು, ಆ ಜಾಗದಲ್ಲಿ ಪತ್ರಿಕೆಯ ಹಾಳೆ ನಿಲ್ಲಿಸಿ. ‘ಅವರೇ ಕಾದಾಡಿ ತೀರ್ಮಾನಿಸಲಿ’ ಎಂದು ಇಬ್ಬರನ್ನೂ ಬಿಡುವುದು ಪುಸ್ತಕದಲ್ಲಿ ಸುಲಭ, ಆದರೆ ಗೆದ್ದವಳ ಕಾಲೋ ರೆಕ್ಕೆಯೋ ಮುರಿದಿದ್ದರೆ ಅದು ಗೊತ್ತಾಗುವುದು ಆಟಿ ತಿಂಗಳ ಮಳೆಯಲ್ಲಿ, ಹೊಸ ರಾಣಿಯನ್ನು ಕೂಡಿಸಲು ಗಂಡು ನೊಣವೂ ಬಿಸಿಲೂ ಇಲ್ಲದಾಗ. ಏಪ್ರಿಲ್ ಕೊನೆಗೆ ಸೂಪರ್ ಇಳಿಸಿ, ಜಾಲರಿ ಕಳಚಿ ಬಿಸಿನೀರಲ್ಲಿ ತೊಳೆದಿಡಿ, ಸಂಸಾರ ಕೋಣೆಯ ಜೇನನ್ನು ಮುಟ್ಟಬೇಡಿ. ಪತ್ತನಾಜೆಗೆ ಮೊದಲು ಪೆಟ್ಟಿಗೆಯಲ್ಲಿ ಒಬ್ಬಳೇ ರಾಣಿ, ಅದೂ ಈ ವರ್ಷದವಳು, ಐದು ಎರಿ ತುಂಬ ನೊಣ, ಮಾಡಿನ ಮೇಲೆ ನೀರಿಳಿಯದ ತಗಡು.